ಡಿಂಗ್ ಇದೆ, ಡಾಂಗ್ ಇಲ್ಲ: ಹಳೆಯ ಕಾಲಿಂಗ್ ಬೆಲ್ಲನ್ನು ವೈರ್‌ಲೆಸ್ ಮಾಡಿದಾಗ ಬರುವ ದೋಷಗಳು

ಕಾರವಾರದ ಕೋಡಿಬಾಗದಲ್ಲಿ ನಮ್ಮ ದೊಡ್ಡಮ್ಮನ ಮನೆ. ಗೇಟಿನಿಂದ ಜಗುಲಿಗೆ ಇಪ್ಪತ್ತೆರಡು ಮೀಟರ್ ಅಂಗಳ, ನಡುವೆ ನಾಲ್ಕು ತೆಂಗಿನ ಮರ. ಅಂಗಳದಡಿ ಹೂತ ಪೈಪಿನಲ್ಲಿ ಬೆಲ್ಲಿನ ವೈರು. ಮಳೆಗಾಲ ಹಿಡಿಯಿತೆಂದರೆ ಯಾರೂ ಒತ್ತದಿದ್ದರೂ ರಾತ್ರಿಯಿಡೀ ಬೆಲ್ಲು ಸಣ್ಣಗೆ ಗುಂಯ್ ಎನ್ನುತ್ತಿತ್ತು. ಬೆಳಿಗ್ಗೆ ಹಾಲಿನವ ಒತ್ತಿದರೆ ‘ಡಿಂಗ್’ ಕೇಳುತ್ತಿತ್ತು, ‘ಡಾಂಗ್’ ಕೇಳುತ್ತಿರಲಿಲ್ಲ. ಮಳೆ ಜೋರಾದ ದಿನ ಆರ್‌ಸಿಸಿಬಿ (ಮಣ್ಣಿಗೆ ಕರೆಂಟು ಸೋರಿದರೆ ಲೈನು ಕಡಿಯುವ ಸ್ವಿಚ್ಚು) ಬಿದ್ದು ಮನೆಯೇ ಕತ್ತಲು. ಬೆಲ್ಲನ್ನು ನಂಬದೆ ದೊಡ್ಡಮ್ಮ ಮಳೆಗಾಲವಿಡೀ ಬಾಗಿಲು ತೆರೆದಿಟ್ಟು, ಗೇಟಿನ ಕಡೆ ಕಣ್ಣಿಟ್ಟು ಕೂರುತ್ತಿದ್ದರು.

ಮೂರೂ ಲಕ್ಷಣಗಳ ಮೂಲ ಒಂದೇ. ಪೈಪಿನೊಳಗೆ ನೀರು ತುಂಬಿ, ಬಿರುಕು ಬಿಟ್ಟ ವೈರಿನ ಮೈಯಿಂದ ಕರೆಂಟು ಸೋರುತ್ತಿತ್ತು. ಡಿಂಗ್‌ಡಾಂಗ್ ಬೆಲ್ಲಿನೊಳಗೆ ಒಂದು ತಾಮ್ರದ ಸುರುಳಿ, ಅದರ ನಡುವೆ ಓಡಾಡುವ ಕಬ್ಬಿಣದ ಕಡ್ಡಿ, ಎರಡು ಕಡೆ ಎರಡು ಲೋಹದ ಪಟ್ಟಿ. ಸ್ವಿಚ್ ಒತ್ತಿದಾಗ ಸುರುಳಿ ಕಡ್ಡಿಯನ್ನು ಸೆಳೆದುಕೊಂಡು ಒಂದು ಪಟ್ಟಿಗೆ ಬಡಿಸುತ್ತದೆ, ಅದು ಡಿಂಗ್. ಕೈ ತೆಗೆದಾಗ ಸ್ಪ್ರಿಂಗು ಅದನ್ನು ವಾಪಸು ತಳ್ಳಿ ಇನ್ನೊಂದು ಪಟ್ಟಿಗೆ ಬಡಿಸುತ್ತದೆ, ಅದು ಡಾಂಗ್. ಕಡ್ಡಿಯನ್ನು ಸೆಳೆಯಲು ಬೇಕಾದಷ್ಟು ಕರೆಂಟು ಅದನ್ನು ಹಿಡಿದಿಟ್ಟುಕೊಳ್ಳಲು ಬೇಕಾಗುವುದಿಲ್ಲ. ಸೋರಿ ಬಂದ ಅಲ್ಪ ಕರೆಂಟೇ ಹಿಡಿದಿಡಲು ಸಾಕಾಗಿ ಡಾಂಗ್ ನಿಂತುಹೋಗಿತ್ತು. ಮಣ್ಣಿಗೆ ಸೋರಿದ ಪಾಲು 30 ಮಿಲಿಆಂಪಿನ ಆಸುಪಾಸಿಗೆ ಬಂದಾಗ ಆರ್‌ಸಿಸಿಬಿ ಬೀಳುತ್ತಿತ್ತು. ಇದನ್ನು ಇಷ್ಟು ಬಿಡಿಸಿ ಹೇಳಲು ಕಾರಣವಿದೆ: ಡಿಂಗ್ ಯಾವಾಗ ಆಯಿತು, ಡಾಂಗ್ ಯಾವಾಗ ಆಯಿತು ಎಂಬುದನ್ನು ಕಿವಿಗೊಟ್ಟು ಕೇಳಿದರೆ ಮುಂದಿನ ಅರ್ಧದಷ್ಟು ದೋಷಗಳು ಮೀಟರ್ ಇಲ್ಲದೆಯೇ ಪತ್ತೆಯಾಗುತ್ತವೆ.

ಹೊಸ ವೈರು ಎಳೆಯಲು ಅಂಗಳ ಅಗೆಯಬೇಕಿತ್ತು. ಪ್ಲಗ್ಗಿಗೆ ಚುಚ್ಚುವ ವೈರ್‌ಲೆಸ್ ಬೆಲ್ ತಂದು ಹಾಕಿದೆ. ಎರಡನೇ ದಿನವೇ ದೊಡ್ಡಮ್ಮ ಹೇಳಿದರು: “ಈ ಹೊಸದು ನಂಗೆ ಕೇಳೂದಿಲ್ಲ ತಮ್ಮಾ. ಹಳೇದೇ ಇರ್ಲಿ.” ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದು ತೆಳುವಾದ, ಎತ್ತರದ ದನಿಗಳನ್ನು. ಸಣ್ಣ ಸ್ಪೀಕರಿನ ಚಿಲಿಪಿಲಿ ಸಂಗೀತ ಅವರ ಪಾಲಿಗೆ ಇಲ್ಲದಂತೆಯೇ. ಲೋಹದ ಪಟ್ಟಿಯ ದನಿ ಅಡುಗೆಮನೆಯವರೆಗೂ ಮುಟ್ಟುತ್ತಿತ್ತು. ಹಾಗಾಗಿ ಹಳೆಯ ಬೆಲ್ಲನ್ನು ಅದರ ಜಾಗದಲ್ಲೇ ಉಳಿಸಿ, ಗೇಟಿನ ಸ್ವಿಚ್ಚನ್ನು ಮಾತ್ರ ವೈರ್‌ಲೆಸ್ ಮಾಡಿದೆ. ಮನೆಯಲ್ಲಿ ಹಿರಿಯರಿದ್ದರೆ ಇದೇ ಸರಿಯಾದ ದಾರಿ ಎಂದು ನನ್ನ ಅಭಿಪ್ರಾಯ.

ಬೇಕಾದದ್ದು ಎರಡು ವಸ್ತು. ಒಂದು, ಗೇಟಿಗೆ ಸೆಲ್ಲಿನ ಮೇಲೆ ನಡೆಯುವ 433 ಮೆಗಾಹರ್ಟ್ಸ್ ಬಟನ್. ಇನ್ನೊಂದು, ಮನೆಯೊಳಗೆ 230 ವೋಲ್ಟಿನಲ್ಲಿ ನಡೆಯುವ, ಒಂದು ರಿಲೇ (ಕರೆಂಟಿನಿಂದ ತಾನೇ ಕೂಡಿ ಬಿಡುವ ಸ್ವಿಚ್ಚು) ಇರುವ ರಿಸೀವರ್. ಬಟನ್ ಒತ್ತಿದರೆ ರಿಲೇ ಕೂಡಿಕೊಂಡು, ಹಳೆಯ ಸ್ವಿಚ್ ಮಾಡುತ್ತಿದ್ದ ಕೆಲಸವನ್ನು ಮಾಡುತ್ತದೆ. ಕೂರಿಸಲು ಒಂದು ಮಧ್ಯಾಹ್ನ ಸಾಕಾಯಿತು. ಅದು ಯಾಕೆ ಕೆಲಸ ಮಾಡುತ್ತಿಲ್ಲ ಎಂದು ಕಂಡುಹಿಡಿಯುವುದೇ ದೊಡ್ಡ ಕೆಲಸ. ಆಮೇಲೆ ಅಂಕೋಲಾ, ಕುಮಟಾ, ಶಿರಸಿಯ ನೆಂಟರ ಮನೆಗಳಲ್ಲೂ ಇದೇ ಮಾಡಿದ್ದೇನೆ. ಕೆಳಗೆ ಬರೆದದ್ದೆಲ್ಲ ಆ ಮನೆಗಳಲ್ಲಿ ಎದುರಾದದ್ದು.

ಕೈ ಹಾಕುವ ಮುನ್ನ

ಫೋನಿನಲ್ಲಿ ನೋಡುವ ಅಮೆರಿಕದ ವಿಡಿಯೋಗಳಲ್ಲಿ ಬೆಲ್ಲಿನ ವೈರನ್ನು ಬರಿಗೈಯಲ್ಲೇ ಬಿಚ್ಚಿ ತೋರಿಸುತ್ತಾರೆ. ಅಲ್ಲಿನ ಮನೆಗಳಲ್ಲಿ ಟ್ರಾನ್ಸ್‌ಫಾರ್ಮರ್ ಇಟ್ಟು ಬೆಲ್ಲಿಗೆ 16 ವೋಲ್ಟ್ ಆಸುಪಾಸು ಮಾತ್ರ ಕೊಟ್ಟಿರುತ್ತಾರೆ. ನಮ್ಮ ಮನೆಗಳಲ್ಲಿ ಗೇಟಿನ ಬೆಲ್ ಸ್ವಿಚ್ಚಿಗೆ ಬರುವುದು ಪೂರ್ತಿ 230 ವೋಲ್ಟ್. ಒದ್ದೆ ಪಾಗಾರ (ಕಾಂಪೌಂಡ್ ಗೋಡೆ), ಒದ್ದೆ ಕೈ, ಬರಿಗಾಲು ಮತ್ತು 230 ವೋಲ್ಟ್ ಒಂದೇ ಕಡೆ ಸೇರುವ ಜಾಗ ಅದು. ವೈರ್‌ಲೆಸ್ ಮಾಡುವುದರ ದೊಡ್ಡ ಲಾಭವೇ ಗೇಟಿನಲ್ಲಿ ಈ ಅಪಾಯ ಇಲ್ಲವಾಗುವುದು ಎಂದು ನಾನು ನಂಬಿದ್ದೇನೆ.

ಹಾಗಾಗಿ ಬೋರ್ಡಿನಲ್ಲಿ ಆ ಲೈನಿನ ಕರೆಂಟು ಕಡಿಯುವ ಎಂಸಿಬಿ ಇಳಿಸಿ. ಬೆಲ್ಲಿಗೆ ಯಾವ ಎಂಸಿಬಿ ಎಂದು ಗೊತ್ತಿಲ್ಲದಿದ್ದರೆ ಮೇನ್ ಸ್ವಿಚ್ಚನ್ನೇ ಇಳಿಸಿ. ನಂತರ ಟೆಸ್ಟರ್ ಒಂದನ್ನೇ ನಂಬಬೇಡಿ. ಜೀವಂತ ವೈರಿನ ಪಕ್ಕದಲ್ಲಿ ಹಾದುಹೋದ ಸತ್ತ ವೈರೂ ಟೆಸ್ಟರಿನ ದೀಪವನ್ನು ಮಿಣಿಮಿಣಿ ಉರಿಸುತ್ತದೆ. ಡಿಜಿಟಲ್ ಮಲ್ಟಿಮೀಟರ್ ಕೂಡ ಅಂಥ ವೈರಿನಲ್ಲಿ 60, 80 ವೋಲ್ಟ್ ತೋರಿಸಿ ಗಾಬರಿ ಹುಟ್ಟಿಸುತ್ತದೆ. ಹೋಲ್ಡರಿಗೆ ಎರಡು ವೈರು ಕಟ್ಟಿ 40 ವಾಟಿನ ಹಳೆಯ ಬಲ್ಬ್ ಹಾಕಿಟ್ಟುಕೊಳ್ಳಿ. ಅದು ಉರಿದರೆ ಕರೆಂಟು ಇದೆ. ಉರಿಯದಿದ್ದಾಗ (ಮೇನ್ ಇಳಿಸುವುದಾದರೆ ಇಳಿಸುವ ಮುನ್ನವೇ) ಗೊತ್ತಿರುವ ಒಂದು ಪ್ಲಗ್ಗಿನಲ್ಲಿ ಅದೇ ಬಲ್ಬನ್ನು ಉರಿಸಿ ನೋಡಿ, ಬಲ್ಬೇ ಹೋಗಿಲ್ಲವೆಂದು ಖಾತ್ರಿ ಮಾಡಿಕೊಳ್ಳಿ.

ವೈರಿನ ಬಣ್ಣವನ್ನೂ ನಂಬಬೇಡಿ. ಕೆಂಪು ಫೇಸ್, ಕಪ್ಪು ನ್ಯೂಟ್ರಲ್ ಎಂಬುದು ರೂಢಿ. ಆದರೆ ಕುಮಟಾದ ಒಂದು ಮನೆಯಲ್ಲಿ ಫೇಸ್ ನೇರ ಬೆಲ್ಲಿಗೇ ಹೋಗಿ, ಸ್ವಿಚ್ಚು ನ್ಯೂಟ್ರಲ್ಲನ್ನು ಕಡಿಯುತ್ತಿತ್ತು. ಅಂಥಲ್ಲಿ ಬೆಲ್ಲು ಸುಮ್ಮನಿದ್ದಾಗಲೂ ಅದರ ಎರಡೂ ಸ್ಕ್ರೂಗಳಲ್ಲಿ ಫೇಸ್ ಇರುತ್ತದೆ. ಬೋರ್ಡಿನೊಳಗೆ ಇಳಿದು ಕೆಲಸ ಮಾಡಿ ಅಭ್ಯಾಸವಿಲ್ಲದವರು ಈ ಭಾಗವನ್ನು ಎಲೆಕ್ಟ್ರಿಶಿಯನ್ ಕೈಲೇ ಮಾಡಿಸಿ. ಗೇಟು, ಬಟನ್, ಸೆಲ್ಲು, ದೂರ ಇವುಗಳ ತಪಾಸಣೆ ಯಾರು ಬೇಕಾದರೂ ಮಾಡಬಹುದು.

ಟಿಕ್ ಕೇಳಿತೇ?

ಬೆಲ್ಲು ಆಗದಿದ್ದಾಗ ಎಲ್ಲರೂ ಮೊದಲು ಮಾಡುವುದು ಹೊಸ ಸೆಲ್ಲು ತರುವುದು. ನಾನು ಮೊದಲು ಮಾಡುವುದು ಒಬ್ಬರನ್ನು ಗೇಟಿಗೆ ಕಳಿಸಿ, ರಿಸೀವರಿನ ಹತ್ತಿರ ಕಿವಿ ಇಟ್ಟು ನಿಲ್ಲುವುದು. ಬಟನ್ ಒತ್ತಿದಾಗ ರಿಲೇ ‘ಟಿಕ್’ ಎನ್ನಬೇಕು. ಟಿಕ್ ಎಂದರೂ ಬೆಲ್ಲು ಆಗದಿದ್ದರೆ ರೇಡಿಯೋ, ಸೆಲ್ಲು, ಗೇಟು ಎಲ್ಲ ಸರಿಯಿವೆ. ದೋಷ ರಿಲೇಯಿಂದ ಬೆಲ್ಲಿನವರೆಗೆ. ಟಿಕ್ ಇಲ್ಲದಿದ್ದರೆ ಬೆಲ್ಲನ್ನು ಮುಟ್ಟಬೇಕಾಗಿಲ್ಲ; ದೋಷ ರಿಸೀವರಿನಿಂದ ಗೇಟಿನವರೆಗೆ. ಈ ಒಂದು ಟಿಕ್ ಕೆಲಸವನ್ನು ಅರ್ಧ ಮಾಡುತ್ತದೆ. ಇದನ್ನು ಕೇಳುವಾಗ ಕರೆಂಟು ಇರಲೇಬೇಕು, ಆದ್ದರಿಂದ ರಿಸೀವರಿನ ಮುಚ್ಚಳ ಹಾಕಿಯೇ ಇರಲಿ.

ಟಿಕ್ ಇದೆ, ಬೆಲ್ಲು ಮೌನ

ಹೊಸದಾಗಿ ಕೂರಿಸಿದ ಮನೆಯಾದರೆ ಮೊದಲ ಅನುಮಾನ ರಿಲೇಯ ‘ಕಾಮ್’ ಸ್ಕ್ರೂ. ಅನೇಕ ರಿಸೀವರುಗಳಲ್ಲಿ ಒಳಗೆ ಬರುವ ಫೇಸ್, ನ್ಯೂಟ್ರಲ್ ಇರುವುದು ಸರ್ಕೀಟನ್ನು ನಡೆಸಲು ಮಾತ್ರ. ರಿಲೇಯ ಕಾಮ್ (ಎರಡಕ್ಕೂ ಸಾಮಾನ್ಯವಾದ ತುದಿ), ಎನ್‌ಓ (ಸುಮ್ಮನಿದ್ದಾಗ ಬಿಟ್ಟಿರುವುದು), ಎನ್‌ಸಿ (ಸುಮ್ಮನಿದ್ದಾಗ ಕೂಡಿರುವುದು) ಎಂಬ ಮೂರು ಸ್ಕ್ರೂಗಳು ಬರೀ ಸ್ವಿಚ್ಚು. ಅಲ್ಲಿಗೆ ಕರೆಂಟು ತಾನಾಗಿ ಬರುವುದಿಲ್ಲ. ಫೇಸಿನಿಂದ ಕಾಮ್‌ಗೆ ಒಂದು ತುಂಡು ವೈರು ಹಾಕಬೇಕು, ಎನ್‌ಓದಿಂದ ಬೆಲ್ಲಿಗೆ, ಬೆಲ್ಲಿನ ಇನ್ನೊಂದು ಕಾಲಿಗೆ ನ್ಯೂಟ್ರಲ್. ಆ ತುಂಡು ವೈರು ಮರೆತರೆ ರಿಲೇ ದಿನವಿಡೀ ಟಿಕ್ ಟಿಕ್ ಎನ್ನುತ್ತದೆ, ಬೆಲ್ಲು ಮಾತಾಡುವುದಿಲ್ಲ.

ಅದು ಸರಿಯಿದ್ದರೆ ಎಂಸಿಬಿ ಇಳಿಸಿ, ಬೆಲ್ಲಿನ ಎರಡೂ ವೈರು ಬಿಚ್ಚಿ, ಸುರುಳಿಯ ಓಮ್ ಅಳೆಯಿರಿ. ದೊಡ್ಡಮ್ಮನ ಮನೆಯದು ಸಾವಿರ ಓಮಿಗೆ ಸ್ವಲ್ಪ ಕಡಿಮೆ ತೋರಿಸಿತು. ಬೇರೆ ಬೆಲ್ಲುಗಳಲ್ಲಿ ಬೇರೆ ಇರಬಹುದು. ಮೀಟರು ಏನೂ ತೋರಿಸದಿದ್ದರೆ ಸುರುಳಿ ಕಡಿದಿದೆ, ಶೂನ್ಯದ ಹತ್ತಿರ ತೋರಿಸಿದರೆ ಒಳಗೇ ಶಾರ್ಟ್ ಆಗಿದೆ. ಎರಡರಲ್ಲೂ ಹೊಸ ಬೆಲ್ಲೇ ಗತಿ.

ಓಮ್ ಸರಿಯಿದ್ದೂ ಬೆಲ್ಲು ಬರೀ ಗುಂಯ್ ಎಂದರೆ ಕಡ್ಡಿ ಸಿಕ್ಕಿಕೊಂಡಿದೆ. ಕಡಲ ಕಡೆಯ ಮನೆಗಳಲ್ಲಿ ಇದು ಬಲು ಸಾಮಾನ್ಯ. ಉಪ್ಪುಗಾಳಿ ಕಬ್ಬಿಣಕ್ಕೆ ತುಕ್ಕು ಹಿಡಿಸುತ್ತದೆ, ಆ ತುಕ್ಕಿಗೆ ಅಡುಗೆಮನೆಯ ಎಣ್ಣೆಹೊಗೆ, ಧೂಳು ಸೇರಿ ಅಂಟಾಗುತ್ತದೆ. ಕಡ್ಡಿಯನ್ನು ಹೊರತೆಗೆದು ಸ್ಪಿರಿಟ್ ಅದ್ದಿದ ಬಟ್ಟೆಯಿಂದ ಒರೆಸಿ, ತುಕ್ಕಿದ್ದಲ್ಲಿ ನಯವಾದ ಉಪ್ಪುಕಾಗದ ಆಡಿಸಿ, ಒಣಗಿಸಿ ಹಾಕಿ. ಎಣ್ಣೆ ಬಿಡಬೇಡಿ. ಎಣ್ಣೆ ಬಿಟ್ಟ ದಿನ ಚೆನ್ನಾಗಿ ಓಡುತ್ತದೆ, ಆರು ತಿಂಗಳಲ್ಲಿ ಧೂಳು ಕುಡಿದು ಮೇಣವಾಗುತ್ತದೆ. ಬೆಲ್ಲು ಗೋಡೆಯ ಮೇಲೆ ವಾರೆಯಾಗಿ ಕೂತಿದ್ದರೂ ಕಡ್ಡಿ ಉಜ್ಜಿ ಡಾಂಗ್ ಸಣ್ಣಗಾಗುತ್ತದೆ; ನೇರ ಮಾಡಿದರೆ ಸಾಕು.

ಒಂದು ಒತ್ತಿಗೆ ಡಿಂಗ್, ಇನ್ನೊಂದು ಒತ್ತಿಗೆ ಡಾಂಗ್

ಈ ದೋಷವನ್ನು ಮೊದಲ ಸಲ ಕಂಡದ್ದು ಅಂಕೋಲಾದಲ್ಲಿ, ಅಕ್ಕನ ಮನೆಯಲ್ಲಿ. “ಬೆಲ್ ಅರ್ಧ ಹೊಡೀತದೆ” ಎಂದು ಭಾವ ಫೋನು ಮಾಡಿದರು. ಯಾರೋ ಬಂದು ಒತ್ತಿದರೆ ಡಿಂಗ್ ಮಾತ್ರ. ಅವರು ಕಾದು ಇನ್ನೊಮ್ಮೆ ಒತ್ತಿದರೆ ಡಾಂಗ್ ಮಾತ್ರ. ಹೋಗಿ ಬೆಲ್ಲಿನ ಮೇಲೆ ಕೈ ಇಟ್ಟರೆ ಕೈ ಸುಡುವಷ್ಟು ಬಿಸಿ, ವಾರ್ನಿಷ್ ಸುಟ್ಟ ವಾಸನೆ.

ರಿಸೀವರಿಗೆ ಬಟನ್ನಿನ ಗುರುತು ಕಲಿಸುವಾಗ ಮೋಡ್ ತಪ್ಪಿತ್ತು. ಈ ರಿಸೀವರುಗಳು ಬರೀ ಬೆಲ್ಲಿಗೆಂದು ಮಾಡಿದವಲ್ಲ. ದೀಪ, ಪಂಪು, ಶಟರು ಎಲ್ಲಕ್ಕೂ ಅವೇ. ಒತ್ತಿ ಹಿಡಿದಷ್ಟು ಹೊತ್ತು ಮಾತ್ರ ಕೂಡಿಕೊಳ್ಳುವುದು ಒಂದು ಮೋಡ್. ಒಮ್ಮೆ ಒತ್ತಿದರೆ ಕೂಡಿ, ಮತ್ತೊಮ್ಮೆ ಒತ್ತಿದರೆ ಬಿಡುವುದು ಇನ್ನೊಂದು. ಕೂಡಿಸಲು ಒಂದು ಬಟನ್, ಬಿಡಿಸಲು ಬೇರೊಂದು ಬಟನ್ ಬೇಕಾಗುವುದು ಮೂರನೆಯದು. ನಾನು ತಂದ ರಿಸೀವರುಗಳಲ್ಲಿ ಒಳಗಿನ ಪುಟ್ಟ ಕಲಿಕೆ ಬಟನ್ನನ್ನು ಒಂದು ಸಲ ಒತ್ತಿದರೆ ಮೊದಲ ಮೋಡ್, ಎರಡು ಸಲ ಒತ್ತಿದರೆ ಎರಡನೆಯದು. ನಿಮ್ಮ ಡಬ್ಬಿಯಲ್ಲಿನ ಚೀಟಿ ಓದಿ, ಲೆಕ್ಕ ಬೇರೆ ಇರಬಹುದು. ಭಾವ ಕಲಿಸುವಾಗ ಕೈ ಜಾರಿ ಎರಡು ಸಲ ಒತ್ತಿದ್ದರು. ಹಾಗಾಗಿ ಮೊದಲ ಅತಿಥಿ ಬಂದು ಹೋದ ಮೇಲೂ ಸುರುಳಿಯಲ್ಲಿ ಗಂಟೆಗಟ್ಟಲೆ ಕರೆಂಟು ಹರಿಯುತ್ತಿತ್ತು. ಬೆಲ್ಲಿನ ಸುರುಳಿ ಮಾಡಿರುವುದು ಕ್ಷಣಮಾತ್ರದ ಕೆಲಸಕ್ಕೆ, ನಿರಂತರ ಹೊರೆಗಲ್ಲ. ಇದನ್ನು ನಾಳೆಗೆ ಬಿಡುವಂತಿಲ್ಲ. ಎಂಸಿಬಿ ಇಳಿಸಿ ಬೆಲ್ಲು ತಣ್ಣಗಾಗಲು ಬಿಟ್ಟು, ಹಳೆಯ ಗುರುತು ಅಳಿಸಿ, ಮೊದಲ ಮೋಡಿನಲ್ಲಿ ಮತ್ತೆ ಕಲಿಸಿ.

ಇದರ ಸೋದರ ದೋಷ ಒಂದಿದೆ: ಕರೆಂಟು ಹೋಗಿ ಬಂದಾಗಲೆಲ್ಲ ತಾನಾಗಿ ಡಿಂಗ್, ಬಟನ್ ಒತ್ತಿದರೆ ಡಾಂಗ್, ಬಿಟ್ಟರೆ ಡಿಂಗ್. ಎಲ್ಲ ತಿರುವುಮುರುವು. ವೈರು ಎನ್‌ಓ ಬದಲು ಎನ್‌ಸಿಗೆ ಹೋಗಿದೆ. ಇಲ್ಲೂ ಸುರುಳಿ ಇಡೀ ದಿನ ಬಿಸಿಯಾಗುತ್ತಲೇ ಇರುತ್ತದೆ.

ಓಣಿಯ ಮಕ್ಕಳು ಬಟನ್ ಒತ್ತಿ ಹಿಡಿದು ಆಡುವ ಮನೆಯಾದರೆ, ಎಷ್ಟು ಹೊತ್ತು ಒತ್ತಿದರೂ ಒಂದು ಸೆಕೆಂಡಿಗೆ ತಾನೇ ಬಿಟ್ಟುಬಿಡುವ ಟೈಮರ್ ಮೋಡ್ ಇರುವ ರಿಸೀವರನ್ನೇ ಕೇಳಿ ತನ್ನಿ.

ಒಂದೇ ಒತ್ತಿಗೆ ಡಿಂಗ್‌ಡಾಂಗ್ ಡಿಂಗ್‌ಡಾಂಗ್

ಸುರುಳಿಯ ಕರೆಂಟನ್ನು ತಟ್ಟನೆ ಕಡಿದಾಗ ರಿಲೇಯ ತುದಿಯಲ್ಲಿ ಕಿಡಿ ಹಾರುತ್ತದೆ. ಆ ಕಿಡಿಯೇ ಒಂದು ರೇಡಿಯೋ ಗದ್ದಲ. ಬೆಲ್ಲಿನ ಪಕ್ಕದಲ್ಲೇ ಕೂತ ರಿಸೀವರು ಗೇಟಿನಿಂದ ಬರುತ್ತಿರುವ ಸಂಕೇತವನ್ನು ಆ ಗದ್ದಲದಲ್ಲಿ ಒಂದು ಕ್ಷಣ ಕಳೆದುಕೊಂಡು, ಮತ್ತೆ ಹಿಡಿದು, ಮತ್ತೆ ಕಳೆದುಕೊಳ್ಳುತ್ತದೆ. ಪರಿಹಾರ, 0.1 ಮೈಕ್ರೋಫ್ಯಾರಡ್, 275 ವೋಲ್ಟ್ ಎಸಿಯ ಎಕ್ಸ್2 (ಮೇನ್ಸಿಗೆ ನೇರ ಹಾಕಲೆಂದೇ ಮಾಡಿದ ಬಗೆಯ) ಕೆಪ್ಯಾಸಿಟರ್ ಮತ್ತು 100 ಓಮ್ ರೆಸಿಸ್ಟರನ್ನು ಸಾಲಾಗಿ ಬೆಸುಗೆ ಹಾಕಿ ಬೆಲ್ಲಿನ ಎರಡು ಸ್ಕ್ರೂಗಳ ನಡುವೆ ಹಾಕುವುದು. ರಿಲೇಯ ತುದಿಗಳ ನಡುವೆ ಹಾಕುವವರೂ ಇದ್ದಾರೆ. ಹಾಗೆ ಹಾಕಿದರೆ ರಿಲೇ ಬಿಟ್ಟಿದ್ದಾಗಲೂ ಆ ಕೆಪ್ಯಾಸಿಟರ್ ಮೂಲಕ ಸುಮಾರು 7 ಮಿಲಿಆಂಪ್ ಹರಿಯುತ್ತದೆ, ಸೂಕ್ಷ್ಮ ಬೆಲ್ಲು ಮತ್ತೆ ಗುಂಯ್ ಎನ್ನಬಹುದು. ಯಾವ ರೋಗಕ್ಕೆ ಮದ್ದು ಮಾಡಲು ಹೊರಟೆವೋ ಅದನ್ನೇ ತಂದಂತಾಗುತ್ತದೆ. ಬೆಲ್ಲಿಗೇ ಹಾಕಿ.

ಟಿಕ್ ಇಲ್ಲ, ರಿಸೀವರಿನ ದೀಪವೂ ಇಲ್ಲ

ಮೊದಲ ದಿನವೇ ಹೀಗಾದರೆ ರಿಸೀವರು ಕೆಟ್ಟಿದೆಯೆಂದು ಅಂಗಡಿಗೆ ಮರಳಿಸಬೇಡಿ. ಹಳೆಯ ವೈರಿಂಗಿನಲ್ಲಿ ಬೆಲ್ಲಿನ ಹತ್ತಿರ ಎರಡೇ ವೈರು: ಒಂದು ನ್ಯೂಟ್ರಲ್, ಇನ್ನೊಂದು ಗೇಟಿನ ಸ್ವಿಚ್ಚಿನಿಂದ ಮರಳಿ ಬಂದದ್ದು. ಫೇಸ್ ಬೋರ್ಡಿನಿಂದ ನೇರ ಗೇಟಿಗೆ ಹೋಗಿರುತ್ತದೆ, ಬೆಲ್ಲಿನ ಬಳಿ ಬರುವುದೇ ಇಲ್ಲ. ಅಲ್ಲಿ ಸಿಕ್ಕ ಎರಡು ವೈರಿಗೆ ರಿಸೀವರು ಕಟ್ಟಿದರೆ ದೀಪ ಹೇಗೆ ಹತ್ತೀತು? ಗೇಟಿಗೆ ಫೇಸ್ ಹೊರಡುವ ಬೋರ್ಡಿನಲ್ಲೇ ರಿಸೀವರು ಕೂರಿಸಿ ಅಲ್ಲಿಂದ ಬೆಲ್ಲಿಗೆ ವೈರು ಎಳೆಯಬೇಕು, ಇಲ್ಲವೇ ಬೆಲ್ಲಿನ ಬಳಿಗೆ ಒಂದು ಫೇಸ್ ತರಬೇಕು.

ವರ್ಷಗಟ್ಟಲೆ ನಡೆದು ನಿಂತದ್ದಾದರೆ ಕತೆ ಬೇರೆ. ಅಗ್ಗದ ರಿಸೀವರುಗಳಲ್ಲಿ ಟ್ರಾನ್ಸ್‌ಫಾರ್ಮರ್ ಇರುವುದಿಲ್ಲ. ಒಂದು ಚೌಕದ ಕೆಪ್ಯಾಸಿಟರ್ 230 ವೋಲ್ಟನ್ನು ತಡೆದು ಬೇಕಾದಷ್ಟೇ ಕರೆಂಟು ಬಿಡುತ್ತದೆ. ಅದರ ಒಳಗಿನ ಲೋಹದ ಲೇಪ ತೇವಕ್ಕೂ ವೋಲ್ಟೇಜಿನ ಹೊಡೆತಕ್ಕೂ ಸವೆಯುತ್ತ, ಮೌಲ್ಯ ಇಳಿಯುತ್ತ ಹೋಗುತ್ತದೆ. 0.68 ಮೈಕ್ರೋಫ್ಯಾರಡ್ ಇದ್ದದ್ದು ಸುಮಾರು 49 ಮಿಲಿಆಂಪ್ ಬಿಡುತ್ತದೆ, ಅದೇ 0.3ಕ್ಕೆ ಇಳಿದರೆ 22 ಮಾತ್ರ. 12 ವೋಲ್ಟಿನ ಸಾಮಾನ್ಯ ರಿಲೇ ಕೇಳುವುದು 30 ಮಿಲಿಆಂಪ್. ಆದ್ದರಿಂದ ಇದು ಒಮ್ಮೆಲೇ ಸಾಯುವುದಿಲ್ಲ. ಮೊದಲು ಸಂಜೆ ಊರಿಗೆಲ್ಲ ದೀಪ ಹತ್ತಿ ವೋಲ್ಟೇಜ್ ಇಳಿದಾಗ ಮಾತ್ರ ಬೆಲ್ಲು ಆಗುವುದಿಲ್ಲ, ಮಧ್ಯಾಹ್ನ ಆಗುತ್ತದೆ. ಒತ್ತಿದಾಗ ರಿಸೀವರಿನ ದೀಪ ಮಂಕಾಗಿ, ಟಿಕ್ ಬದಲು ಚರಚರ ಸದ್ದು. ಹೊತ್ತು ನೋಡಿ ಕೆಡುವ ಬೆಲ್ಲು ಕಂಡರೆ ನನ್ನ ಅನುಮಾನ ನೇರ ಈ ಕೆಪ್ಯಾಸಿಟರಿನ ಮೇಲೆ. ಅದೇ ಮೌಲ್ಯದ ಎಕ್ಸ್2 ಗುರುತಿನದನ್ನೇ ಹಾಕಿ.

ಇಲ್ಲೊಂದು ಅಪಾಯ ಹೇಳಲೇಬೇಕು. ಟ್ರಾನ್ಸ್‌ಫಾರ್ಮರ್ ಇಲ್ಲದ ರಿಸೀವರಿನಲ್ಲಿ ಸರ್ಕೀಟಿನ ಪ್ರತಿಯೊಂದು ಭಾಗವೂ, ಹೊರಗೆ ಇಣುಕುವ ಏರಿಯಲ್ ವೈರು ಕೂಡ, ಮೇನ್ಸಿಗೆ ತಗುಲಿಕೊಂಡೇ ಇರುತ್ತದೆ. ಆ ವೈರಿನ ಮೈ ಸುಲಿದು ಬರಿ ತಾಮ್ರ ಮಾಡಬೇಡಿ, ಮುಟ್ಟಬೇಡಿ, ಕಿಟಕಿಯ ಸರಳಿಗೆ ಕಟ್ಟಬೇಡಿ.

ಟಿಕ್ ಇಲ್ಲ, ದೀಪ ಇದೆ

ಗೇಟಿನ ಬಟನ್ ಬಿಚ್ಚಿ ಒಳಗೆ ತನ್ನಿ. ರಿಸೀವರಿನಿಂದ ಎರಡು ಮೀಟರ್ ದೂರ ನಿಂತು ಒತ್ತಿ. ಈಗಲೂ ಟಿಕ್ ಇಲ್ಲವೆಂದರೆ ಸೆಲ್ಲು, ಬಟನ್ ಇಲ್ಲವೇ ಕಲಿಕೆಯ ದೋಷ. ಟಿಕ್ ಆದರೆ ದೂರದ ದೋಷ, ಸೆಲ್ಲೂ ಇರಬಹುದು.

ಸೆಲ್ಲನ್ನು ಸುಮ್ಮನೆ ಅಳೆದರೆ ಮೋಸ ಹೋಗುತ್ತೀರಿ. ಬಟನ್ನುಗಳಲ್ಲಿ ಬರುವ 23ಎ ಎಂಬ 12 ವೋಲ್ಟಿನ ಪುಟ್ಟ ಸೆಲ್ಲಿನೊಳಗೆ ಎಂಟು ಬಿಲ್ಲೆ ಸೆಲ್ಲುಗಳು ಒಂದರ ಮೇಲೊಂದು ಕೂತಿರುತ್ತವೆ. ಖಾಲಿಯಾಗುತ್ತ ಬಂದದ್ದೂ ಹೊರಗೆ ತೆಗೆದು ಅಳೆದರೆ ಹನ್ನೊಂದು ಮುಕ್ಕಾಲು ತೋರಿಸುತ್ತದೆ. ಬಟನ್ ಒತ್ತಿ ಹಿಡಿದುಕೊಂಡೇ ಅಳೆಯಿರಿ. ಒತ್ತಿದಾಗ ಒಂಬತ್ತಕ್ಕಿಂತ ಕೆಳಗೆ ಕುಸಿದರೆ ಬದಲಿಸಿ. ಸಿಆರ್2032 ಬಿಲ್ಲೆ ಸೆಲ್ಲಿನ ಬಟನ್ ಸಿಕ್ಕಿದರೆ ನಾನು ಅದನ್ನೇ ಆಯುತ್ತೇನೆ, ಮಿಲಿಆಂಪ್-ಗಂಟೆಯ ಲೆಕ್ಕದಲ್ಲಿ ಅದರ ದಾಸ್ತಾನು 23ಎಯ ಸುಮಾರು ನಾಲ್ಕು ಪಟ್ಟು.

ಇನ್ನು ದೂರ. ಡಬ್ಬಿಯ ಮೇಲೆ 100 ಮೀಟರ್ ಎಂದು ಬರೆದಿರುವುದು ಬಯಲಿನ ಲೆಕ್ಕ. ನಮ್ಮ ಕಡೆಯ ಚಿರೇಕಲ್ಲಿನ ಗೋಡೆ ದಪ್ಪ, ಮೈಯೆಲ್ಲ ರಂಧ್ರ. ಬೇಸಿಗೆಯಲ್ಲಿ ಒಣಗಿದ್ದಾಗ ರೇಡಿಯೋ ಅಲೆ ಅದರ ಮೂಲಕ ಹೇಗೋ ದಾಟುತ್ತದೆ. ಆಷಾಢದಲ್ಲಿ ಅದೇ ಕಲ್ಲು ನೀರು ಕುಡಿದು ಕೂತಾಗ ಅಲೆಯನ್ನೂ ಕುಡಿಯುತ್ತದೆ. ಮೇ ತಿಂಗಳಲ್ಲಿ ಕೂರಿಸಿ ಚೆನ್ನಾಗಿದೆಯೆಂದು ಬಿಟ್ಟುಬಂದ ಬೆಲ್ಲು ಜುಲೈನಲ್ಲಿ ಕೈಕೊಡುವುದು ಇದಕ್ಕೇ. ಶಿರಸಿಯ ಒಂದು ತೋಟದ ಮನೆಯಲ್ಲಿ ಮಳೆಗೆಂದು ಜಗುಲಿಗೆ ಸೋಗೆ ತಟ್ಟಿ ಕಟ್ಟಿದ ಮರುದಿನದಿಂದ ಬೆಲ್ಲು ಹಾಳಾಯಿತು. ಉಣಗೋಲಿನ (ಅಡ್ಡ ಕೋಲುಗಳ ಗೇಟಿನ) ಹತ್ತಿರದ ಬಟನ್ನಿಗೂ ಜಗುಲಿಗೂ ನಡುವೆ ನೀರು ಹೀರಿದ ಸೋಗೆಯ ಗೋಡೆಯೇ ಎದ್ದಿತ್ತು. ಕೂರಿಸುವಾಗ ಮಳೆಗಾಲದ ಪಾಲನ್ನೂ ಇಟ್ಟುಕೊಳ್ಳಬೇಕು. ನಾನು ಬೇಸಿಗೆಯಲ್ಲಿ ಕೂರಿಸಿದರೆ, ಬಟನ್ ಹಿಡಿದು ಗೇಟಿನಿಂದ ಹೊರಗೆ ಇನ್ನೂ ಅಷ್ಟೇ ದೂರ ರಸ್ತೆಯಲ್ಲಿ ನಡೆದು ಒತ್ತಿ ನೋಡುತ್ತೇನೆ. ಅಲ್ಲಿಂದಲೂ ಆದರೆ ಮಾತ್ರ ಜುಲೈಗೆ ಭರವಸೆ.

ಲೋಹ ಇನ್ನೂ ಕಠಿಣ. ರಿಸೀವರನ್ನು ಗೋಡೆಯೊಳಗಿನ ತಗಡಿನ ಬೋರ್ಡ್ ಡಬ್ಬಿಯಲ್ಲಿ ಇಟ್ಟರೆ ಅಲೆ ಒಳಗೆ ಹೋಗುವುದಕ್ಕೆ ದಾರಿಯೇ ಇಲ್ಲ. ಪ್ಲಾಸ್ಟಿಕ್ ಡಬ್ಬಿಗೆ ಬದಲಿಸಿ. ಅಂಗಳಕ್ಕೆ ಹೊಸದಾಗಿ ತಗಡಿನ ಶೀಟು ಹೊದಿಸಿದ್ದರೆ ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಬಟನ್ನನ್ನು ಕಬ್ಬಿಣದ ಗೇಟಿಗೇ ಅಂಟಿಸಿದ್ದರೆ ಕಿತ್ತು, ಗೇಟಿನ ಕಂಬದ ಮೇಲೆ ಎರಡು ಮೂರು ಸೆಂಟಿಮೀಟರ್ ದಪ್ಪದ ಮರದ ತುಂಡು ಹಾಕಿ ಅದರ ಮೇಲೆ ಕೂರಿಸಿ.

433 ಮೆಗಾಹರ್ಟ್ಸ್ ಅಲೆಯ ಉದ್ದ 69 ಸೆಂಟಿಮೀಟರ್. ಅದರ ಕಾಲು ಭಾಗ, ಅಂದರೆ 17 ಸೆಂಟಿಮೀಟರಿನಷ್ಟೇ ಉದ್ದ ರಿಸೀವರಿನ ಏರಿಯಲ್ ವೈರಿಗೂ ಇರಬೇಕು. ಉದ್ದ ಮಾಡಿದರೆ ಹೆಚ್ಚು ಹಿಡಿಯುತ್ತದೆ ಎಂಬುದು ತಪ್ಪು. ಅದನ್ನು ಸುತ್ತಿ ಮೇನ್ಸ್ ವೈರುಗಳ ಜೊತೆ ತುರುಕಬೇಡಿ, ನೇರವಾಗಿ ಇರಲಿ. ಗೋಡೆಗಳಿಂದ ಮರಳಿ ಬಂದ ಅಲೆಗಳು ಒಂದನ್ನೊಂದು ಕೊಂದುಕೊಳ್ಳುವ ಜಾಗಗಳಿರುತ್ತವೆ. ರಿಸೀವರು ಅಂಥ ಜಾಗದಲ್ಲಿ ಕೂತಿದ್ದರೆ ಒಂದು ಗೇಣು ಆಚೆ ಸರಿಸಿದರೂ ಸಾಕು. ದೊಡ್ಡಮ್ಮನ ಮನೆಯಲ್ಲಿ ಒಂದು ಗೇಣು ಬಲಕ್ಕೆ ಸರಿಸಿದ್ದರಿಂದಲೇ ಕೆಲಸವಾಯಿತು.

ಯಾರೂ ಇಲ್ಲದೆ ಬೆಲ್ಲು

ಮನೆಯವರನ್ನು ಹೆದರಿಸುವ ದೋಷ ಇದು. ಒಂಟಿಯಾಗಿರುವ ಹಿರಿಯರಿಗೆ ನಡುರಾತ್ರಿಯ ಬೆಲ್ಲು ಸಣ್ಣ ವಿಷಯವಲ್ಲ, ಅದೇ ದಿನ ಪತ್ತೆ ಮಾಡಿಕೊಡಬೇಕು. ಪರೀಕ್ಷೆ ಸುಲಭ: ಬಟನ್ನಿನ ಸೆಲ್ಲು ತೆಗೆದು ಒಂದು ರಾತ್ರಿ ಬಿಡಿ.

ಸೆಲ್ಲು ತೆಗೆದ ಮೇಲೂ ಆದರೆ ಕಾರಣ ನಿಮ್ಮ ಬಟನ್ ಅಲ್ಲ. ಹಳೆಯ ಮಾದರಿಯ ಬಟನ್ನುಗಳಲ್ಲಿ ಗುರುತನ್ನು ಬೆಸುಗೆಯ ಚುಕ್ಕೆಗಳಿಂದ ಹಾಕುತ್ತಾರೆ. ಎಂಟು ಕಾಲು, ಒಂದೊಂದಕ್ಕೆ ಮೂರು ಸ್ಥಿತಿ, ಒಟ್ಟು 6561 ಗುರುತು. ಲೆಕ್ಕಕ್ಕೆ ಸಾಕಷ್ಟಿವೆ, ಆದರೆ ಕಾರ್ಖಾನೆಯಿಂದ ಬಂದಂತೆ ಯಾವ ಚುಕ್ಕೆಯನ್ನೂ ಹಾಕದೆ ಬಿಟ್ಟರೆ ಅದೇ ಅಂಗಡಿಯಿಂದ ತಂದ ಓಣಿಯ ಎಲ್ಲ ಬಟನ್ನಿಗೂ ಒಂದೇ ಗುರುತು. ಚುಕ್ಕೆ ಬದಲಿಸಿ, ರಿಸೀವರಿನ ಹಳೆಯ ಗುರುತು ಅಳಿಸಿ, ಮತ್ತೆ ಕಲಿಸಿ. ಕಲಿಯುವ ಮಾದರಿಯ ಹೊಸ ಬಟನ್ನುಗಳಲ್ಲಿ ಹತ್ತು ಲಕ್ಷಕ್ಕೂ ಮೇಲ್ಪಟ್ಟು ಗುರುತುಗಳಿರುವುದರಿಂದ ಈ ತೊಂದರೆ ತೀರಾ ಅಪರೂಪ.

ಸೆಲ್ಲು ತೆಗೆದ ರಾತ್ರಿ ಶಾಂತವಾಗಿದ್ದರೆ ದೋಷ ಬಟನ್ನಿನೊಳಗೆ, ಬಹುಪಾಲು ಉಪ್ಪು ಮತ್ತು ತೇವ. ಬಿಚ್ಚಿ ನೋಡಿದರೆ ತಾಮ್ರದ ಮೇಲೆ ಹಸಿರು ಕಿಲುಬು ಕಟ್ಟಿರುತ್ತದೆ. ಉಪ್ಪು ತೇವ ಹೀರಿ ಎರಡು ಪಟ್ಟಿಗಳ ನಡುವೆ ಸೇತುವೆ ಕಟ್ಟುತ್ತದೆ. ಬಟನ್ ತನ್ನನ್ನು ಯಾರೋ ಒತ್ತಿದರೆಂದೇ ತಿಳಿಯುತ್ತದೆ. ಸೆಲ್ಲು ವಾರಕ್ಕೊಂದು ಹೋಗುತ್ತಿದ್ದರೂ ಕಾರಣ ಇದೇ. ಉಪ್ಪು ಸ್ಪಿರಿಟ್ಟಿನಲ್ಲಿ ಸರಿಯಾಗಿ ಕರಗುವುದಿಲ್ಲ. ಮೊದಲು ಇನ್ವರ್ಟರ್ ಬ್ಯಾಟರಿಗೆ ಹಾಕುವ ಶುದ್ಧ ನೀರಿನಲ್ಲಿ ಅದ್ದಿದ ಬ್ರಶ್ಶಿನಿಂದ ತೊಳೆದು, ಆಮೇಲೆ ಸ್ಪಿರಿಟ್ಟಿನಿಂದ ಒರೆಸಿ, ಒಂದು ದಿನ ಒಣಗಿಸಿ. ಸೆಲ್ಲು ಕೂರುವ ಸ್ಪ್ರಿಂಗಿಗೆ ತೆಳ್ಳಗೆ ವ್ಯಾಸಲೀನ್ ಸವರಿ.

ಮುಚ್ಚುವಾಗ ಎಲ್ಲರೂ ಸಿಲಿಕಾನ್ ಬಳಿಯುತ್ತಾರೆ. ಹುಳಿ ವಾಸನೆ ಬರುವ ಸಿಲಿಕಾನ್ ಒಣಗುವಾಗ ಅಸಿಟಿಕ್ ಆಮ್ಲ ಬಿಡುತ್ತದೆ, ಅದು ಒಳಗಿನ ತಾಮ್ರವನ್ನೇ ತಿನ್ನುತ್ತದೆ. ವಾಸನೆಯಿಲ್ಲದ ನ್ಯೂಟ್ರಲ್ ಸಿಲಿಕಾನ್ ಕೇಳಿ ತನ್ನಿ. ಮೇಲೆ ಮತ್ತು ಎರಡು ಬದಿಗೆ ಬಳಿಯಿರಿ, ಕೆಳಗೆ ಬಳಿಯಬೇಡಿ. ಕೆಳಗಿನ ತೂತು ನೀರು ಇಳಿಯಲು. ಅದನ್ನು ಮುಚ್ಚಿದರೆ ಒಳಗಿನ ತೇವ ಒಳಗೇ ಉಳಿಯುತ್ತದೆ. ನಮ್ಮಲ್ಲಿ ಮಳೆ ಕಡಲ ಕಡೆಯಿಂದ ಓರೆಯಾಗಿ ಬೀಸುತ್ತದೆ. ಗೇಟು ಪಡುವಣಕ್ಕೆ ಮುಖ ಮಾಡಿದ್ದರೆ ಬಟನ್ನನ್ನು ಕಂಬದ ಒಳಮೈಗೆ, ಮೂಡಣ ಮುಖಕ್ಕೆ ಹಾಕಿ. ಬರುವವರಿಗೆ ಕಾಣಲೆಂದು ಹೊರಗೆ ‘ಬೆಲ್ ಇಲ್ಲಿದೆ’ ಎಂದು ಬರೆದರೆ ಆಯಿತು.

ಉಳಿದ ಎರಡು ಮಾತು

ಗೇಟಿಗೆ ಹೋಗುತ್ತಿದ್ದ ಹಳೆಯ ವೈರನ್ನು ಗೇಟಿನಲ್ಲಿ ಟೇಪು ಸುತ್ತಿ ಬಿಡುವುದು ಸಾಲದು. ಬೋರ್ಡಿನಲ್ಲೇ ಅದರ ಫೇಸ್ ಬಿಚ್ಚಬೇಕು. ಮಣ್ಣಿನಡಿ ಸೋರುತ್ತಿದ್ದದ್ದು ಅದೇ ವೈರು; ಅಲ್ಲಿ ಫೇಸ್ ಉಳಿದರೆ ಬೆಲ್ಲು ವೈರ್‌ಲೆಸ್ ಆದ ಮೇಲೂ ಆರ್‌ಸಿಸಿಬಿ ಬೀಳುತ್ತಲೇ ಇರುತ್ತದೆ, ಎಲ್ಲರೂ ಹೊಸ ರಿಸೀವರನ್ನು ಬೈಯುತ್ತಾರೆ.

ಕರೆಂಟು ಹೋದಾಗಲೂ ಬೆಲ್ಲು ಬೇಕಾದರೆ ರಿಸೀವರು ಮತ್ತು ಬೆಲ್ಲು ಎರಡನ್ನೂ ಇನ್ವರ್ಟರ್ ಲೈನಿಗೆ ಕೊಡಿ. ಚೌಕ ಅಲೆಯ ಅಗ್ಗದ ಇನ್ವರ್ಟರಿನಲ್ಲಿ ಬೆಲ್ಲು ಒರಟಾಗಿ ಗುಂಯ್‌ಗುಟ್ಟಬಹುದು, ದೂರವೂ ಸ್ವಲ್ಪ ಕಡಿಮೆಯಾಗಬಹುದು. ಇನ್ವರ್ಟರ್ ನಡೆಯುತ್ತಿರುವಾಗಲೇ ಗೇಟಿನಿಂದ ಒಮ್ಮೆ ಒತ್ತಿ ನೋಡಿ.

ದೊಡ್ಡಮ್ಮನ ಬೆಲ್ಲಿಗೆ ಈಗ ಮೂರನೇ ಮಳೆಗಾಲ. ಮೊದಲ ಎರಡರಲ್ಲಿ ತೊಂದರೆ ಇರಲಿಲ್ಲ. ಈ ಸಲ ಜೂನ್ ಕೊನೆಯಲ್ಲಿ ಸೆಲ್ಲು ಎಂಟೇ ದಿನಕ್ಕೆ ಖಾಲಿಯಾಯಿತು. ಬಟನ್ ಬಿಚ್ಚಿದರೆ ಒಳಗೆ ಅರ್ಧದಷ್ಟು ನೀರು. ಕೆಳಗಿನ ತೂತಿಗೆ ಕಣಜವೊಂದು ಮಣ್ಣಿನ ಗೂಡು ಕಟ್ಟಿ ಬೆಣೆ ಹೊಡೆದಂತೆ ಮುಚ್ಚಿತ್ತು. ಗೂಡು ಕೆತ್ತಿ ತೆಗೆದು, ತೊಳೆದು ಒಣಗಿಸಿ, ತೂತಿನ ಮೇಲೆ ಸೊಳ್ಳೆ ಪರದೆಯ ಚೂರೊಂದನ್ನು ಅಂಟಿಸಿದೆ. ಆ ಸಂಜೆ ಗೇಟಿನಲ್ಲಿ ನಿಂತು ಒತ್ತಿದಾಗ ಡಿಂಗ್, ಕೈ ತೆಗೆದಾಗ ಡಾಂಗ್, ಅದರ ಬೆನ್ನಿಗೇ ಅಡುಗೆಮನೆಯಿಂದ “ಬಂದೇ” ಎಂಬ ದೊಡ್ಡಮ್ಮನ ದನಿ.